ಬಟನ್ 3 ಸೆಕೆಂಡ್ ಒತ್ತಿದರೆ ನನ್ನ ಬೋರ್ಡ್ ಸೆಟ್ಟಿಂಗ್ಸ್ ಸೇವ್ ಮಾಡಿ ಆಫ್ ಆಗಬೇಕು, ಆದರೆ ಮೊದಲ 8 ಬೈಟ್ ಮಾತ್ರ ಹೊಸದಾಗುತ್ತದೆ, ಒಮ್ಮೊಮ್ಮೆ ತಾನೇ ಮತ್ತೆ ಆನ್ ಆಗುತ್ತದೆ. ಪವರ್ ಆಫ್‌ಗೆ ಮುನ್ನ 500 ಮಿಲಿಸೆಕೆಂಡ್ ಡಿಲೇ (ಕಾಯುವ ಸಾಲು) ಸಾಕಾಗುತ್ತಿಲ್ಲ, ಎಷ್ಟು ಕೊಡಬೇಕು?

ಎಷ್ಟೂ ಬೇಡ, ಆ ಸಾಲನ್ನೇ ಅಳಿಸಿ. ಎಸ್‌ಟಿಎಂ32ಎಫ್103 ಮೈಕ್ರೊಕಂಟ್ರೋಲರ್ ಜೊತೆ ಪಿ-ಚಾನೆಲ್ ಮಾಸ್‌ಫೆಟ್ ಲ್ಯಾಚ್ (ಬಟನ್ ಒತ್ತಿದಾಗ ಆನ್ ಆಗಿ, ಆಮೇಲೆ ಚಿಪ್ಪಿನ ಹೋಲ್ಡ್ ಪಿನ್ ಹೈ ಇರುವ ತನಕ ಪವರ್ ಹಿಡಿದಿಡುವ ಸ್ವಿಚ್) ಹಾಕಿದ ಬೋರ್ಡುಗಳಲ್ಲಿ ನಾನು ಪದೇ ಪದೇ ಕಾಣುವ ಎರಡು ಕಾಟಗಳೇ ನಿಮ್ಮವೂ: ಸೆಟ್ಟಿಂಗ್ಸ್ ಪೂರ್ತಿ ಸೇವ್ ಆಗಲ್ಲ, ಆಫ್ ಮಾಡಿದ್ದು ಒಮ್ಮೊಮ್ಮೆ ತಾನೇ ಆನ್ ಆಗುತ್ತದೆ.

ಸೇವ್ ವಿಷಯ ಸಣ್ಣದು. ಸೆಟ್ಟಿಂಗ್ಸ್ ಉಳಿಸುವ ಇಇಪ್ರಾಮ್ ಮೆಮೊರಿ ಚಿಪ್ ಎಟಿ24ಸಿ02ರ ಪೇಜ್ (ಒಮ್ಮೆಗೆ ಬರೆಯುವ ತುಂಡು) 8 ಬೈಟ್. ಒಂದು ಪೇಜ್ ಕಳಿಸಿದ ಮೇಲೆ ಚಿಪ್ 5 ಮಿಲಿಸೆಕೆಂಡ್‌ವರೆಗೆ ಬರೆಯುವುದರಲ್ಲೇ ಇರುತ್ತದೆ, ಆಗ ಏನು ಕಳಿಸಿದರೂ ನ್ಯಾಕ್, ಅಂದರೆ ನಿರಾಕರಣೆ. ರಿಟರ್ನ್ ವ್ಯಾಲ್ಯೂ ನೋಡದ ನಿಮ್ಮ ಕೋಡ್‌ಗೆ ಅದು ಗೊತ್ತೇ ಆಗುವುದಿಲ್ಲ. ಮೊದಲ 8 ಬೈಟ್ ಮಾತ್ರ ಹೊಸದು ಎಂದಿದ್ದೀರಲ್ಲ, ಅದು ಇದೇ. ಕಾಯಬೇಕಾದದ್ದು ಪ್ರತಿ ಪೇಜಿನ ನಂತರ, ಕೊನೆಯಲ್ಲಿ ಒಮ್ಮೆ ಮಾತ್ರ ಅಲ್ಲ. ಚಿಪ್ ಆಕ್ (ಒಪ್ಪಿಗೆ) ಕೊಡುವ ತನಕ ಅಡ್ರೆಸ್ ಕಳಿಸುತ್ತಿರಿ, ಟೈಮ್‌ಔಟ್ 10 ಮಿಲಿಸೆಕೆಂಡ್ ಇರಲಿ. 64 ಬೈಟಿಗೆ ಒಟ್ಟು ಸುಮಾರು 50 ಮಿಲಿಸೆಕೆಂಡ್ ಹಿಡಿಯುತ್ತದೆ.

ತಲೆ ತಿನ್ನುವುದು ಎರಡನೆಯದು. 3 ಸೆಕೆಂಡ್ ಒತ್ತಿದ್ದಾಯಿತು, ಹೋಲ್ಡ್ ಪಿನ್ ಲೋ ಮಾಡಿದಿರಿ. ಬೆರಳು ಇನ್ನೂ ಬಟನ್ ಮೇಲೇ ಇದೆ! ಮಾಸ್‌ಫೆಟ್‌ನ ಗೇಟನ್ನು ಗ್ರೌಂಡಿಗೆ ಎಳೆದು ಹಿಡಿದಿರುವುದು ಈಗ ಬಟನ್, ಹಾಗಾಗಿ ಪವರ್ ಹೋಗಿಲ್ಲ. ಕೋಡ್ ಖಾಲಿ ವೈಲ್ ಲೂಪಿನಲ್ಲಿ ಸುತ್ತುತ್ತಿದೆ, ಅಲ್ಲಿ ವಾಚ್‌ಡಾಗ್ (ಆಗಾಗ ರಿಫ್ರೆಶ್ ಮಾಡದಿದ್ದರೆ ಚಿಪ್ಪನ್ನು ರೀಸೆಟ್ ಮಾಡುವ ಟೈಮರ್) ರಿಫ್ರೆಶ್ ಇಲ್ಲ. ಐಡಬ್ಲ್ಯೂಡಿಜಿ ಎಂಬ ಈ ವಾಚ್‌ಡಾಗನ್ನು ಒಮ್ಮೆ ಶುರು ಮಾಡಿದರೆ ಸಾಫ್ಟ್‌ವೇರಿನಿಂದ ನಿಲ್ಲಿಸಲು ಬರುವುದಿಲ್ಲ. ಅದು ರೀಸೆಟ್ ಹೊಡೆಯುತ್ತದೆ, ಮೇನ್‌ನ ಮೊದಲ ಸಾಲು ಹೋಲ್ಡ್ ಪಿನ್ನನ್ನು ಮತ್ತೆ ಹೈ ಮಾಡುತ್ತದೆ. ಬೆರಳು ಬೇಗ ತೆಗೆದವರಿಗೆ ಆಫ್, ತಡ ಮಾಡಿದವರಿಗೆ ಆನ್. ಸಾಲದ್ದಕ್ಕೆ ವಾಚ್‌ಡಾಗನ್ನು ನಡೆಸುವ ಎಲ್‌ಎಸ್‌ಐ ಕ್ಲಾಕ್ 40 ಕಿಲೋಹರ್ಟ್ಸ್ ಎಂದು ಹೆಸರಿಗಷ್ಟೇ, 30ರಿಂದ 60ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ನಿಮ್ಮ 1 ಸೆಕೆಂಡಿನ ವಾಚ್‌ಡಾಗ್ ಒಂದು ಬೋರ್ಡಿನಲ್ಲಿ 0.67, ಇನ್ನೊಂದರಲ್ಲಿ 1.33 ಸೆಕೆಂಡ್. ಡಿಲೇಯನ್ನು 1000ಕ್ಕೆ ಏರಿಸಿದರೆ ಕೆಲವು ಬೋರ್ಡುಗಳು ಆ ಡಿಲೇಯೊಳಗೇ ರೀಸೆಟ್ ಆಗುತ್ತವೆ.

ನಾನಾದರೆ 3 ಸೆಕೆಂಡ್ ಆದೊಡನೆ ಸ್ಕ್ರೀನ್ ಆರಿಸಿಬಿಡುತ್ತೇನೆ, ಜನ ಅದನ್ನು ನೋಡಿಯೇ ಬೆರಳು ತೆಗೆಯುವುದು. ಸೇವ್ ಮುಗಿಸಿ, ಬಟನ್ 50 ಮಿಲಿಸೆಕೆಂಡ್ ಸತತವಾಗಿ ಬಿಟ್ಟಿರುವುದನ್ನು ಖಚಿತ ಮಾಡಿಕೊಂಡು, ಆಮೇಲೆ ಪಿನ್ ಲೋ. ಬಟನ್ನಿಗೆ ಕಾಯುವ ಲೂಪಿನಲ್ಲೂ ಕೊನೆಯ ಲೂಪಿನಲ್ಲೂ ವಾಚ್‌ಡಾಗ್ ರಿಫ್ರೆಶ್ ಇರಲೇಬೇಕು. ಇದೆಲ್ಲ ಬಟನ್ ಇಂಟರಪ್ಟಿನೊಳಗೆ ಬೇಡ: ಮಿಲಿಸೆಕೆಂಡ್ ಎಣಿಸುವ ಸಿಸ್‌ಟಿಕ್ ಇಂಟರಪ್ಟಿನ ಆದ್ಯತೆ ಅದಕ್ಕಿಂತ ಕೆಳಗಿದ್ದರೆ ಹಾಲ್ ಲೈಬ್ರರಿಯ ಡಿಲೇ ಎಂದಿಗೂ ಮುಗಿಯುವುದಿಲ್ಲ. ಗೇಟ್ ಎಳೆಯುವ ಎನ್‌ಪಿಎನ್ ಟ್ರಾನ್ಸಿಸ್ಟರಿನ ಬೇಸಿಗೆ 100 ಕಿಲೋಓಮ್ ಪುಲ್‌ಡೌನ್ (ಗ್ರೌಂಡಿಗೆ ಎಳೆಯುವ ರೆಸಿಸ್ಟರ್) ಇದೆಯೇ ನೋಡಿ, ರೀಸೆಟ್ ವೇಳೆ ಹೋಲ್ಡ್ ಪಿನ್ ತೇಲುತ್ತಿರುತ್ತದೆ.