ಒಂದೇ ಗೇರು ಇಂದು, ಹಬ್ ಗೇರು ನಾಳೆ: ಫ್ರೇಮಿಗೆ ಯಾವ ಡ್ರಾಪ್‌ಔಟ್?

ಪ್ರಶ್ನೆ: ನಾನು ಚಿಕ್ಕಮಗಳೂರಿನ ಸುತ್ತಮುತ್ತ ತೋಟದ ದಾರಿಗಳಲ್ಲಿ ಮೌಂಟೇನ್ ಬೈಕ್ ಓಡಿಸುತ್ತೇನೆ. ಮಳೆಗಾಲದ ಕೆಸರಿನಲ್ಲಿ ಡೀರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಸಾಧನ) ಪದೇ ಪದೇ ಕೆಡುವುದರಿಂದ ಬೇಸತ್ತು, 29 ಇಂಚಿನ ಚಕ್ರಕ್ಕೆ ಹೊಂದುವ ಸ್ಟೀಲ್ ಫ್ರೇಮ್ ಒಂದನ್ನು ಅಳತೆ ಕೊಟ್ಟು ಮಾಡಿಸುತ್ತಿದ್ದೇನೆ. ಸದ್ಯ ಒಂದೇ ಗೇರಿನಲ್ಲಿ ಓಡಿಸಿ, ಮುಂದೆ ಗೇರುಗಳೆಲ್ಲ ಹಿಂಚಕ್ರದ ಹಬ್ಬಿನೊಳಗೇ ಇರುವ ಶಿಮಾನೊ ಆಲ್ಫೈನ್ 11 ಅಥವಾ ರೋಲೋಫ್ ಹಬ್ ಹಾಕಿಸುವ ಯೋಚನೆಯಿದೆ. ಡಿಸ್ಕ್ ಬ್ರೇಕ್ ಬೇಕೇ ಬೇಕು. ಹಿಂದಕ್ಕೆ ಬಾಯಿ ತೆರೆದ ಸಾದಾ ಡ್ರಾಪ್‌ಔಟ್ (ಹಿಂಚಕ್ರದ ಆಕ್ಸಲ್ ಕೂರುವ ಫ್ರೇಮಿನ ಸೀಳು) ಸಾಕು, ಅದೇ ಅಗ್ಗ ಎಂದು ಪರಿಚಯದ ಅಂಗಡಿಯವರು ಹೇಳುತ್ತಾರೆ. ಆಕ್ಸಲ್ ಹಿಡಿದ ತುಂಡೇ ಹಿಂದೆ ಮುಂದೆ ಜಾರುವ ಸ್ಲೈಡಿಂಗ್ ಡ್ರಾಪ್‌ಔಟ್‌ಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆಯೇ?

ಉತ್ತರ: ಅರ್ಥವಿದೆ. ಡೀರೇಲರ್ ಇಲ್ಲದ ಸೈಕಲ್ಲಿನಲ್ಲಿ ಚೈನಿನ ಸಡಿಲ ತೆಗೆಯಲು ಆಕ್ಸಲನ್ನೇ ಹಿಂದಕ್ಕೆ ಸರಿಸಬೇಕು. ಚೈನ್ ಬಿಗಿ ಮಾಡುವುದೊಂದೇ ಕೆಲಸವಾಗಿದ್ದರೆ ನಾನೂ ಅಂಗಡಿಯವರ ಮಾತನ್ನೇ ಹೇಳುತ್ತಿದ್ದೆ. ಚಕ್ರವನ್ನು ಹಿಂದಕ್ಕೆಳೆದು, ಅಡ್ಜಸ್ಟರ್ ತಿರುಗಿಸಿ, ನಟ್ ಬಿಗಿಯುವ ಕ್ರಮ ನಮ್ಮ ಹಳೆಯ ಕರಿ ಸೈಕಲ್ಲುಗಳಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಆದರೆ ನಿಮ್ಮ ಫ್ರೇಮಿನಲ್ಲಿ ಬ್ರೇಕು, ಹಬ್ಬಿನ ತಿರುಗುಬಲ ಮತ್ತು ಆಕ್ಸಲ್‌ನ ಅಳತೆ ಈ ಮೂರೂ ಸೇರಿಕೊಳ್ಳುತ್ತವೆ.

ಮೊದಲು ಚೈನಿನ ಲೆಕ್ಕ. ಚೈನಿನ ಒಂದು ಕೊಂಡಿಯ ಅಳತೆ 12.7 ಮಿಲಿಮೀಟರ್. ಒಳಕೊಂಡಿ ಮತ್ತು ಹೊರಕೊಂಡಿ ಜೋಡಿಯಾಗಿಯೇ ಬರುವುದರಿಂದ 25.4 ಮಿಲಿಮೀಟರಿಗಿಂತ ಕಡಿಮೆ ಕತ್ತರಿಸಲಾಗದು. ಚೈನು ಮೇಲೊಮ್ಮೆ ಕೆಳಗೊಮ್ಮೆ ಹಾಯುವುದರಿಂದ ಆಕ್ಸಲ್ ಅದರ ಅರ್ಧದಷ್ಟು, ಅಂದರೆ 12.7 ಮಿಲಿಮೀಟರ್ ಸರಿಯುತ್ತದೆ. ನೂರು ಕೊಂಡಿಯ ಚೈನು ಸವೆದು 0.75 ಶೇಕಡಾ ಉದ್ದವಾಗುವ ಹೊತ್ತಿಗೆ ಆಕ್ಸಲನ್ನು ಇನ್ನೂ 5 ಮಿಲಿಮೀಟರಿನಷ್ಟು ಹಿಂದಕ್ಕೆ ತರಬೇಕಾಗುತ್ತದೆ. ಹಾಗಾಗಿ 18 ಮಿಲಿಮೀಟರ್ ಸರಿಯುವ ಜಾಗವಿದ್ದರೆ ಯಾವ ಹಲ್ಲಿನ ಜೋಡಿ ಹಾಕಿದರೂ ಚಿಂತೆಯಿಲ್ಲ. ಒಂದೇ ಕೊಂಡಿಯಷ್ಟು ಉದ್ದ ಹೆಚ್ಚು ಕಡಿಮೆ ಮಾಡಲು ಬಿಡುವ ಹಾಫ್ ಲಿಂಕ್ ಬಳಸಲು ಒಪ್ಪುವುದಾದರೆ 12 ಸಾಕು.

ಹಿಂಬಾಯಿಯ ಡ್ರಾಪ್‌ಔಟ್‌ನಲ್ಲಿ ಈ ಜಾಗವೇನೋ ಸಿಗುತ್ತದೆ, ಆದರೆ ಆಕ್ಸಲ್ ಸರಿದಾಗ ಅದರೊಡನೆ ರೋಟರ್ (ಡಿಸ್ಕ್ ಬ್ರೇಕಿನ ತಟ್ಟೆ) ಸರಿಯುತ್ತದೆ, ಅದನ್ನು ಪ್ಯಾಡುಗಳಿಂದ ಹಿಡಿಯುವ, ಫ್ರೇಮಿಗೆ ಕೂರಿಸಿದ ಕ್ಯಾಲಿಪರ್ ಇದ್ದಲ್ಲೇ ಉಳಿಯುತ್ತದೆ. ಐದಾರು ಮಿಲಿಮೀಟರ್ ವ್ಯತ್ಯಾಸವಾದರೂ ಪ್ಯಾಡ್ ರೋಟರಿನ ಉಜ್ಜುವ ಪಟ್ಟಿಯ ಮೇಲೆ ಸರಿಯಾಗಿ ಕೂರುವುದಿಲ್ಲ. ಆಗ ಪ್ರತಿ ಸಲ ಚೈನ್ ಬಿಗಿ ಮಾಡಿದಾಗಲೂ ಕ್ಯಾಲಿಪರನ್ನು ಹೊಸದಾಗಿ ಹೊಂದಿಸಬೇಕು. ಪಂಕ್ಚರ್ ಆದಾಗ ಚಕ್ರ ಕಳಚಲು ಅನೇಕ ಫ್ರೇಮುಗಳಲ್ಲಿ ಕ್ಯಾಲಿಪರನ್ನೇ ಸಡಿಲಿಸಬೇಕಾಗುತ್ತದೆ, ಮಡ್‌ಗಾರ್ಡ್ ಇದ್ದರೆ ಅದೂ ಅಡ್ಡ ಬರುತ್ತದೆ. ಕೆಸರಿನಲ್ಲಿ ನಿಂತು ಈ ಕೆಲಸ ಮಾಡುವವರ ಕಷ್ಟ ಅಂಗಡಿಯ ಗಲ್ಲೆಯ ಹಿಂದೆ ಕುಳಿತವರಿಗೆ ಕಾಣದಿರಬಹುದು. ಸ್ಲೈಡಿಂಗ್ ಡ್ರಾಪ್‌ಔಟ್‌ನಲ್ಲಿ ಕ್ಯಾಲಿಪರ್ ಕೂರುವ ಕಿವಿ ಜಾರುವ ತುಂಡಿನ ಮೇಲೆಯೇ ಇರುವುದರಿಂದ ಅದು ಆಕ್ಸಲ್ ಜೊತೆಗೇ ಸರಿಯುತ್ತದೆ, ಮತ್ತು ಚಕ್ರ ನೇರವಾಗಿ ಕೆಳಕ್ಕೆ ಕಳಚಿಕೊಳ್ಳುತ್ತದೆ.

ಹಬ್ ಗೇರಿನ ತಿರುಗುಬಲದ ವಿಷಯ ಇದಕ್ಕಿಂತ ಗಂಭೀರ, ಮತ್ತು ಫ್ರೇಮ್ ಮಾಡಿಸುವವರು ಮರೆಯುವುದೂ ಇದನ್ನೇ. ರೋಲೋಫ್‌ನ 14 ಗೇರಿನ ಹಬ್ಬಿನಲ್ಲಿ ಮೊದಲ ಗೇರಿನ ಅನುಪಾತ 0.279. ಸ್ಪ್ರಾಕೆಟ್‌ಗೆ (ಹಿಂಚಕ್ರದ ಹಲ್ಲುಗಾಲಿಗೆ) ಬಂದ ತಿರುಗುಬಲ ಚಕ್ರಕ್ಕೆ ತಲುಪುವಾಗ ಸುಮಾರು 3.58 ಪಟ್ಟು ಆಗುತ್ತದೆ. ಹೆಚ್ಚುವರಿಯಾದ 2.58 ಪಟ್ಟು ಎಲ್ಲಿಂದಲೋ ಬರುವುದಿಲ್ಲ. ಆಕ್ಸಲ್ ಅಷ್ಟೇ ಬಲದಿಂದ ಹಿಮ್ಮುಖವಾಗಿ ತಿರುಗಲು ನೋಡುತ್ತದೆ, ಅದನ್ನು ಫ್ರೇಮು ತಡೆದು ಹಿಡಿಯಬೇಕು. ಕಡಿದಾದ ಏರಿನಲ್ಲಿ ಸ್ಪ್ರಾಕೆಟ್ ಮೇಲೆ 70 ನ್ಯೂಟನ್ ಮೀಟರ್ ಬಿದ್ದರೆ ಡ್ರಾಪ್‌ಔಟ್ 180 ನ್ಯೂಟನ್ ಮೀಟರ್ ತಡೆಯಬೇಕಾಗುತ್ತದೆ ಎಂದರೆ ಬರೀ ನಟ್ಟಿನ ಬಿಗಿತದಿಂದ ಆಗುವ ಕೆಲಸವಲ್ಲ. ಅದಕ್ಕಾಗಿಯೇ ರೋಲೋಫ್ ಹಬ್ಬಿಗೆ ಚೈನ್‌ಸ್ಟೇಗೆ (ಹಿಂಚಕ್ರದತ್ತ ಹೋಗುವ ಫ್ರೇಮಿನ ಕೆಳಗಿನ ಕೊಳವೆಗೆ) ಕಟ್ಟುವ ಉದ್ದನೆಯ ಟಾರ್ಕ್ ಆರ್ಮ್ ಇದೆ. ಅದು ಬೇಡವೆಂದರೆ ಎಡ ಡ್ರಾಪ್‌ಔಟ್‌ನ ಸೀಳನ್ನು ಉದ್ದವಾಗಿ ಕೊರೆಸಿ, ಹಬ್ಬಿನ ಆಕ್ಸಲ್ ಪ್ಲೇಟಿನ ಗುಬುಟು ಅದರೊಳಗೆ ಕೂರುವಂತೆ ಮಾಡಿಸಬೇಕು. ಆಲ್ಫೈನ್ 11 ಇಷ್ಟು ಹಟಮಾರಿಯಲ್ಲ. ಅದರ ಮೊದಲ ಗೇರು 0.527, ಹಾಗಾಗಿ ಅದೇ 70 ನ್ಯೂಟನ್ ಮೀಟರಿಗೆ ಆಕ್ಸಲ್ ಮೇಲೆ ಬೀಳುವುದು ಸುಮಾರು 63. ಮೇಲಿನ ಗೇರುಗಳಲ್ಲಿ ದಿಕ್ಕು ಬದಲಾಗಿ ಆಕ್ಸಲ್ ಮುಂದಕ್ಕೆ ತಿರುಗಲು ನೋಡುತ್ತದೆ. ಚಪ್ಪಟೆ ಮುಖದ ಆಕ್ಸಲ್ ಮತ್ತು ಹಲ್ಲಿರುವ ವಾಷರ್‌ಗಳು ಇದನ್ನು ಎರಡೂ ಕಡೆಗೆ ತಡೆಯುತ್ತವೆ, ಆದರೆ ಆ ವಾಷರ್ ಡ್ರಾಪ್‌ಔಟ್‌ನ ಕೋನಕ್ಕೆ ತಕ್ಕದ್ದೇ ಆಗಿರಬೇಕು.

ಆಕ್ಸಲ್ ಅಳತೆಯನ್ನು ಈಗಲೇ ನಿರ್ಧರಿಸಿ. ಆಲ್ಫೈನ್‌ಗೆ 135 ಮಿಲಿಮೀಟರ್ ಅಗಲದ ತೆರೆದ ಡ್ರಾಪ್‌ಔಟ್ ಬೇಕು. ಅದರ ಘನ ಆಕ್ಸಲ್ 12 ಮಿಲಿಮೀಟರಿನ ಥ್ರೂ ಆಕ್ಸಲ್ (ಸೀಳಿನ ಬದಲು ತೂತಿನ ಮೂಲಕ ತೂರಿಸುವ ಆಕ್ಸಲ್) ಫ್ರೇಮಿಗೆ ಹೊಂದುವುದೇ ಇಲ್ಲ. ರೋಲೋಫ್ ಹಬ್ ಎರಡೂ ಬಗೆಯಲ್ಲಿ ಸಿಗುತ್ತದೆ. 142 ಮಿಲಿಮೀಟರಿನ ಥ್ರೂ ಆಕ್ಸಲ್ ಅಳತೆ ಮೂಲತಃ 135ಕ್ಕೆ ಎರಡೂ ಬದಿ 3.5 ಮಿಲಿಮೀಟರಿನ ತಗ್ಗು ಸೇರಿಸಿದ್ದಾದ್ದರಿಂದ, ಒಂದೇ ಫ್ರೇಮಿನಲ್ಲಿ ಜಾರುವ ತುಂಡನ್ನಷ್ಟೇ ಬದಲಿಸಿ ಎರಡನ್ನೂ ಸಾಧಿಸಬಹುದು. ಕ್ಯಾಲಿಫೋರ್ನಿಯಾದ ಪ್ಯಾರಾಗಾನ್ ಮಷೀನ್ ವರ್ಕ್ಸ್‌ನವರ ಸ್ಲೈಡರಿಗೆ ಸಾದಾ, ಡೀರೇಲರ್ ಕಿವಿಯುಳ್ಳ, ಥ್ರೂ ಆಕ್ಸಲ್ ಮತ್ತು ರೋಲೋಫ್ ಬಗೆಯ ತುಂಡುಗಳಿವೆ. ನೀವು ಹೆಚ್ಚು ಹಣ ಕೊಡುವುದು ನಿಜಕ್ಕೂ ಈ ಬದಲಾವಣೆಯ ಅವಕಾಶಕ್ಕೆ. 148 ಮಿಲಿಮೀಟರಿನ ಬೂಸ್ಟ್ ಅಗಲ ಹೊಸತೆಂಬ ಮೋಹಕ್ಕೆ ಬಿದ್ದರೆ ಆಲ್ಫೈನ್‌ನ ಆಸೆ ಅಲ್ಲಿಗೇ ಮುಗಿಯಿತು.

ಸ್ಲೈಡರಿಗೂ ದೋಷಗಳಿವೆ. 80 ಕಿಲೋ ತೂಕದವರು 175 ಮಿಲಿಮೀಟರ್ ಕ್ರ್ಯಾಂಕ್ ಮತ್ತು ಮುಂದೆ 32 ಹಲ್ಲಿನ ಚೈನ್‌ರಿಂಗ್ ಇಟ್ಟುಕೊಂಡು ಪೆಡಲ್ ಮೇಲೆ ಎದ್ದು ನಿಂತರೆ ಚೈನು ಸುಮಾರು 215 ಕಿಲೋ ತೂಕದಷ್ಟು ಬಲದಿಂದ ಆಕ್ಸಲ್‌ನ ಬಲತುದಿಯನ್ನು ಮುಂದಕ್ಕೆಳೆಯುತ್ತದೆ. ಬೋಲ್ಟು ಸಡಿಲವಿದ್ದರೆ ತುಂಡು ಜಾರುತ್ತದೆ, ಜಾರದಿದ್ದರೂ ಕಿರುಗುಡುತ್ತದೆ. ಆದ್ದರಿಂದ ತುಂಡು ಮುಂದಕ್ಕೆ ಜಾರದಂತೆ ತಡೆದು ಹಿಡಿಯುವ ಸ್ಕ್ರೂ ಬಲಬದಿಯಲ್ಲಾದರೂ ಇರಲೇಬೇಕು, ಬಣ್ಣ ಹೊಡೆಯುವಾಗ ಜಾರುವ ಮುಖಗಳಿಗೆ ಬಣ್ಣ ತಾಗಬಾರದು, ಬೋಲ್ಟುಗಳಿಗೆ ಗ್ರೀಸ್ ಹಚ್ಚಿ ತಯಾರಕರು ಹೇಳಿದ ಬಿಗಿತಕ್ಕೇ ಬಿಗಿಯಬೇಕು. ಮುಂದೆಂದಾದರೂ ಚೈನಿನ ಬದಲು ಬೆಲ್ಟ್ ಹಾಕುವ ಮನಸ್ಸಿದ್ದರೆ ಅದನ್ನೂ ಫ್ರೇಮ್ ಮಾಡುವವರಿಗೆ ಈಗಲೇ ತಿಳಿಸಿ. ಸಾಮಾನ್ಯ ಬೆಲ್ಟನ್ನು ಚೈನಿನಂತೆ ಬಿಚ್ಚಿ ಜೋಡಿಸಲಾಗದು. ಹಿಂಭಾಗದ ಬಲಬದಿಯಲ್ಲಿ ಫ್ರೇಮ್ ತೆರೆದುಕೊಳ್ಳುವ ಒಂದು ಕೀಲು ಇರಬೇಕು, ಬೆಸುಗೆ ಮುಗಿದ ಮೇಲೆ ಅದನ್ನು ಸೇರಿಸುವುದು ದುಬಾರಿ.

ಪ್ರಶ್ನೆ: ನನ್ನ ಬಳಿ ಇರುವ ಅಲ್ಯೂಮಿನಿಯಂ ಫ್ರೇಮಿಗೆ ನೇರ ಕೆಳಕ್ಕೆ ತೆರೆದ ಡ್ರಾಪ್‌ಔಟ್ ಇದೆ. ಇದನ್ನು ಒಂದೇ ಗೇರಿಗೆ ಬದಲಿಸಬಹುದೇ? (ಉಡುಪಿಯ ಓದುಗರು)

ಉತ್ತರ: ಬದಲಿಸಬಹುದು, ಆದರೆ ಡ್ರಾಪ್‌ಔಟ್ ಅನ್ನು ಮುಟ್ಟಬೇಡಿ, ಅಲ್ಯೂಮಿನಿಯಂನಲ್ಲಿ ಸೀಳನ್ನು ಅರದಿಂದ ಉಜ್ಜಿ ಅಗಲಿಸುವುದು ಅಪಾಯಕರ. ಡೀರೇಲರ್ ಕಿವಿಗೆ ಕೂತು ಚೈನನ್ನು ಬಿಗಿ ಹಿಡಿಯುವ ಸ್ಪ್ರಿಂಗ್ ಟೆನ್ಷನರ್ ಅಗ್ಗದ ದಾರಿ, ಆದರೆ ಕೆಸರಿನಲ್ಲಿ ಅದೂ ಡೀರೇಲರ್‌ನಂತೆಯೇ ಗೋಳಾಡಿಸುತ್ತದೆ. ನಿಮ್ಮ ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಗೂಡು) ಒತ್ತಿ ಕೂರಿಸುವ ಅಗಲ ಬಾಯಿಯದಾಗಿದ್ದರೆ ಅದರೊಳಗೆ ಕೂರುವ, ಅಕ್ಷ ನಡುವಿನಿಂದ ಸರಿದಿರುವ ಎಕ್ಸೆಂಟ್ರಿಕ್ ಬಾಟಮ್ ಬ್ರಾಕೆಟ್ ಸಿಗುತ್ತದೆ. ಅದನ್ನು ತಿರುಗಿಸಿದಾಗ ಕ್ರ್ಯಾಂಕ್‌ನ ಜಾಗ ಬದಲಾಗುವುದರಿಂದ ಸೀಟಿನ ಎತ್ತರವನ್ನು ಮತ್ತೆ ಹೊಂದಿಸಬೇಕು. ಸ್ಕ್ರೂವಿನಂತೆ ತಿರುಗಿಸಿ ಕೂರಿಸುವ ಹಳೆಯ ಬಗೆಯದಾದರೆ ಹಲ್ಲಿನ ಲೆಕ್ಕ ಹಾಕಿ ನೋಡಿ. ಹಿಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಹೆಚ್ಚು ಕಡಿಮೆಯಾದರೆ ಆಕ್ಸಲ್ ಬೇಡುವ ಜಾಗ ಸುಮಾರು 3.2 ಮಿಲಿಮೀಟರ್ ವ್ಯತ್ಯಾಸವಾಗುತ್ತದೆ, ಹಾಫ್ ಲಿಂಕಿಗೆ 6.35. ಇವೆರಡನ್ನು ಕೂಡಿಸಿ ಕಳೆದು ಟೆನ್ಷನರ್ ಇಲ್ಲದೆಯೇ ಹೊಂದುವ ಜೋಡಿಯೊಂದು ಸಿಕ್ಕರೂ, ಹೊಸ ಚೈನು ಸವೆದು ಸಡಿಲಾದ ಮೇಲೆ ಅದನ್ನು ಬಿಗಿ ಮಾಡುವ ಉಪಾಯವಿರುವುದಿಲ್ಲ. ನಡುವೆ ಹಿಡಿದಾಗ 12 ಮಿಲಿಮೀಟರಿಗಿಂತ ಬಹಳ ಹೆಚ್ಚು ಮೇಲೆ ಕೆಳಗೆ ಆಡತೊಡಗಿದರೆ ಚೈನನ್ನೇ ಬದಲಿಸಿ.