ಕಾಕಾನ ಐಪಾಡ್‌ನಲ್ಲಿರುವ ತತ್ವಪದ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಸರ್, ನಮ್ಮ ಕಾಕಾ ತೀರಿಕೊಂಡ ಮೇಲೆ ಅವರ ಐಪಾಡ್ (ಹಾಡು ಕೇಳುವ ಆಪಲ್ ಯಂತ್ರ) ನನ್ನ ಕೈಗೆ ಬಂದಿದೆ. ಹಿಂಬದಿಗೆ 30 ಜಿಬಿ ಎಂದಿದೆ. ಊರ ಭಜನೆಯಲ್ಲಿ ಹಾಡಿದ ತತ್ವಪದಗಳನ್ನು ರೆಕಾರ್ಡ್ ಮಾಡಿ ಅದರಲ್ಲಿ ಹಾಕಿಕೊಂಡಿದ್ದರು. ಬೇರೆಲ್ಲೂ ಪ್ರತಿ ಇಲ್ಲ. ಈಗ ಚಾರ್ಜ್ ಅರ್ಧ ತಾಸೂ ನಿಲ್ಲುವುದಿಲ್ಲ, ಒಂದು ಬದಿ ಬಾಯಿ ಬಿಟ್ಟಿದೆ, ಒಳಗೆ ಟಿಕ್ ಟಿಕ್ ಸದ್ದು. ಬ್ಯಾಟರಿ ಬದಲಿಸಿ, ಹಾರ್ಡ್ ಡಿಸ್ಕ್ ಜಾಗಕ್ಕೆ ಮೆಮೊರಿ ಕಾರ್ಡ್ ಹಾಕಬಹುದೇ?
– ಜೇವರ್ಗಿಯ ಓದುಗರು

ಉತ್ತರ: ಹಾಕಬಹುದು. ಆದರೆ ಕ್ರಮ ತಪ್ಪಿದರೆ ಪದಗಳು ಹೋಗಿಬಿಡುತ್ತವೆ. ಮೊದಲು ಬ್ಯಾಟರಿ, ಆಮೇಲೆ ಪದಗಳ ನಕಲು, ಕೊನೆಗೆ ಕಾರ್ಡು.

ಇವತ್ತಿನಿಂದಲೇ ಅದನ್ನು ಚಾರ್ಜಿಗೆ ಹಾಕಬೇಡಿ. ಬದಿ ಬಾಯಿ ಬಿಟ್ಟಿದೆ ಎಂದರೆ ಒಳಗಿನ ಲಿಥಿಯಂ ಬ್ಯಾಟರಿ ಉಬ್ಬಿರಬೇಕು. ನಮ್ಮ ಕಡೆಯ 42–43 ಡಿಗ್ರಿ ಬಿಸಿಲು ಇಂಥ ಬ್ಯಾಟರಿಯನ್ನು ಬೇಗ ಮುದಿಯಾಗಿಸುತ್ತದೆ. ಉಳಿದಿರುವ ಚಾರ್ಜಿನಲ್ಲಿ ಒಂದೇ ಕೆಲಸ ಮಾಡಿ: ಹಾಡಿನ ಪಟ್ಟಿಯನ್ನು ಪರದೆಗೆ ತಂದು, ಕೊನೆಯವರೆಗೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ಅಗಲ ಪರದೆ, ಪ್ಲಾಸ್ಟಿಕ್ ಮುಖ ಇದ್ದರೆ ಅದು 2005ರ ಅಕ್ಟೋಬರಿನಲ್ಲಿ ಬಂದ ಐದನೇ ತಲೆಮಾರಿನದು. 2007ರಲ್ಲಿ ಬಂದ ಲೋಹದ ಮುಖದ ಐಪಾಡ್ ಕ್ಲಾಸಿಕ್‌ಗಿಂತ ಇದನ್ನು ಬಿಚ್ಚುವುದು ಎಷ್ಟೋ ಸುಲಭ. ಸ್ಕ್ರೂ ಡ್ರೈವರ್ ತೂರಿಸಬೇಡಿ, ಉಬ್ಬಿದ ಬ್ಯಾಟರಿಗೆ ಚುಚ್ಚಿದರೆ ಬೆಂಕಿ ಹತ್ತಬಹುದು. ತೆಳು ಪ್ಲಾಸ್ಟಿಕ್ ತುಂಡಿನಿಂದ ಅಂಚು ಬಿಡಿಸುತ್ತ ಬನ್ನಿ. ತೆರೆದುಕೊಂಡಾಗ ಎರಡೂ ಭಾಗಗಳನ್ನು ಪುಸ್ತಕದ ಹಾಗೆ ಮೆಲ್ಲಗೆ ಮಲಗಿಸಿ. ನಡುವೆ ಎರಡು ತೆಳು ತಂತಿಪಟ್ಟಿಗಳಿವೆ, ಒಂದು ಬ್ಯಾಟರಿಯದು, ಇನ್ನೊಂದು ಹೆಡ್‌ಫೋನಿನದು. ಅವಸರಕ್ಕೆ ಎಳೆದು ನಾನೊಮ್ಮೆ ಹೆಡ್‌ಫೋನ್ ಪಟ್ಟಿ ಹರಿದಿದ್ದೇನೆ. ಬ್ಯಾಟರಿ ಪಟ್ಟಿಯನ್ನು ಹಿಡಿದಿರುವ ಕಂದು ಬಣ್ಣದ ಪುಟ್ಟ ಕೊಂಡಿಯನ್ನು ಉಗುರಿನಷ್ಟು ಮೇಲೆತ್ತಿದರೆ ಸಾಕು, ಪಟ್ಟಿ ತಾನೇ ಜಾರಿ ಬರುತ್ತದೆ. ಧೈರ್ಯ ಸಾಲದಿದ್ದರೆ ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಕೈ ಪಳಗಿದ ಮೊಬೈಲ್ ರಿಪೇರಿಯವರಿಗೆ ಕೊಡಿ, ಆದರೆ ಎದುರಿಗೇ ಕೂತು ಮಾಡಿಸಿ. ತೆಗೆದ ಬ್ಯಾಟರಿಯನ್ನು ಕಸಕ್ಕೆ ಹಾಕದೆ, ಮರಳು ತುಂಬಿದ ಡಬ್ಬಿಯಲ್ಲಿ ಮನೆಯ ಹೊರಗಿಟ್ಟು ಇ-ತ್ಯಾಜ್ಯದವರಿಗೆ ಕೊಡಿ.

ಹೊಸ ಬ್ಯಾಟರಿ ಕೂತ ಮೇಲೆ ಕಂಪ್ಯೂಟರಿಗೆ ಜೋಡಿಸಿ, ಆದರೆ ಐಪಾಡಿಗೆ ಹಾಡು ತುಂಬುವ ಆಪಲ್ ತಂತ್ರಾಂಶ ಐಟ್ಯೂನ್ಸ್ ತೆರೆಯಬೇಡಿ. ಹೊಸ ಕಂಪ್ಯೂಟರಿನಲ್ಲಿ ಅದು ಇರುವ ಹಾಡನ್ನೆಲ್ಲ ಅಳಿಸಿ ಸಿಂಕ್ (ಕಂಪ್ಯೂಟರಿನ ಹಾಡುಗಳಿಗೆ ಹೊಂದಿಸುವುದು) ಮಾಡಲೇ ಎಂದು ಕೇಳುತ್ತದೆ. ಹೂಂ ಅಂದರೆ ಮುಗಿಯಿತು. ಮೆನು ಮತ್ತು ನಡುವಿನ ಗುಂಡಿ ಒತ್ತಿ ಹಿಡಿಯಿರಿ, ಆಪಲ್ ಗುರುತು ಬಂದ ಕೂಡಲೇ ನಡುವಿನ ಗುಂಡಿ ಮತ್ತು ಪ್ಲೇ ಒತ್ತಿ ಹಿಡಿಯಿರಿ. ಡಿಸ್ಕ್ ಮೋಡ್‌ಗೆ ಹೋಗಿ ಪೆನ್ ಡ್ರೈವಿನಂತೆ ಕಾಣಿಸುತ್ತದೆ. ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಎಂದರೆ ಬೇಡ ಅನ್ನಿ, ಆ ಐಪಾಡ್ ಆಪಲ್ ಕಂಪ್ಯೂಟರಾದ ಮ್ಯಾಕ್‌ನಲ್ಲಿ ಸಿದ್ಧವಾದದ್ದಿರಬೇಕು, ಮ್ಯಾಕ್‌ನಲ್ಲೇ ತೆರೆಯಿರಿ. ಅಡಗಿಸಿಟ್ಟ ಫೋಲ್ಡರ್ ಕಾಣುವಂತೆ ಮಾಡಿ, ಐಪಾಡ್ ಕಂಟ್ರೋಲ್ ಎಂಬುದರೊಳಗಿನ ಮ್ಯೂಸಿಕ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ. ಟಿಕ್ ಟಿಕ್ ಅನ್ನುವ ಡಿಸ್ಕ್ ಎಷ್ಟು ದಿನ ತಡೆಯುವುದೋ ತಿಳಿಯದು. ಈ ಕೆಲಸ ನಾಳೆಗಿಡಬೇಡಿ.

ಅಲ್ಲಿ ಹಾಡಿನ ಹೆಸರುಗಳಿರುವುದಿಲ್ಲ, ನಾಲ್ಕು ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಹೆಸರುಗಳಿರುತ್ತವೆ. ಎಂಪಿ3 ಆದರೆ ಫೈಲಿನೊಳಗೇ ಹೆಸರು ಬರೆದಿರಬಹುದು. ಕಾಕಾ ವೇವ್ (.wav) ಫೈಲಾಗಿ ಹಾಕಿದ್ದರೆ ಹೆಸರು ಐಪಾಡಿನ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಆಗ ನೀವು ತೆಗೆದ ಫೋಟೊಗಳೇ ಆಧಾರ. ಪದ ಕೇಳಿ, ಪಟ್ಟಿ ನೋಡಿ ಹೆಸರು ಕೂಡಿಸಿ. ಹಾಡಿದವರ ಹೆಸರು ಊರಿನ ಹಿರಿಯರನ್ನು ಕೇಳಿ ಈಗಲೇ ಬರೆದಿಡಿ.

ಇನ್ನು ಕಾರ್ಡು. ಡಿಸ್ಕ್ ಜಾಗಕ್ಕೆ ಕೂರುವ, ಎಸ್‌ಡಿ ಕಾರ್ಡ್ ಹಿಡಿಯುವ ಅಡಾಪ್ಟರ್ ಆನ್‌ಲೈನಿನಲ್ಲಿ ಸಿಗುತ್ತದೆ. ತಿರುಗುವ ಮೋಟಾರು ಇಲ್ಲದ್ದರಿಂದ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. 30 ಜಿಬಿ ಮಾದರಿಯಲ್ಲಿ 32 ಎಂಬಿ ರ‍್ಯಾಮ್ (ಕೆಲಸದ ಹೊತ್ತಿನ ನೆನಪು) ಮಾತ್ರ ಇರುವುದರಿಂದ ಹತ್ತಾರು ಸಾವಿರ ಹಾಡು ತುಂಬಿದರೆ ತಡವರಿಸುತ್ತದೆ. 64 ಜಿಬಿ ಕಾರ್ಡು ನಿಮಗೆ ಧಾರಾಳವಾಯಿತು. ನಕಲಿ ಕಾರ್ಡುಗಳು ಬಹಳ, ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ನೋಡಿದ ಮೇಲೆಯೇ ಹಾಕಿ. ಆಮೇಲೆ ಐಟ್ಯೂನ್ಸ್‌ನಲ್ಲಿ ರಿಸ್ಟೋರ್ ಮಾಡಿ, ಅಂದರೆ ಹೊಸ ಕಾರ್ಡಿಗೆ ಐಪಾಡಿನ ತಂತ್ರಾಂಶ ಕೂರಿಸಿ, ಪದಗಳನ್ನು ತುಂಬಿಕೊಳ್ಳಿ.

ಹಳೆಯ ಡಿಸ್ಕ್ ಎಸೆಯಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಕಾಕಾನ ಹೆಸರು, ತಾರೀಖು ಬರೆದು, ಬಿಸಿಲು ತಾಗದ ಟ್ರಂಕಿನಲ್ಲಿಡಿ. ಒಂದೆರಡು ಪದ ನಕಲಾಗದೆ ಉಳಿದಿದ್ದು ಆಮೇಲೆ ಗೊತ್ತಾದರೆ ಹುಡುಕಬೇಕಾದದ್ದು ಅದರಲ್ಲೇ.