ಪೈಪ್ ಈಗ ಎಲ್ಲಿದೆ?

ನೀವು ಕೇಳಿದ್ದು ಇಷ್ಟು: ಕ್ರೈಸ್ತರು ಹೇಳುವ ನಿಜವಾದ ಪಶ್ಚಾತ್ತಾಪ ಅಂದರೆ ಏನು? ಅತ್ತು, ಪಾದ್ರಿಗಳ ಹತ್ತಿರ ಪಾಪ ಹೇಳಿಕೊಂಡು ಬಂದರೆ ಮುಗಿಯಿತಾ? ಅದು ನಿಜವೋ ಸುಮ್ನೆ ತೋರಿಕೆಯೋ ಅಂತ ನಮಗೇ ಹೇಗೆ ಗೊತ್ತಾಗುತ್ತದೆ?

ನಾನು ಕಾಸರಗೋಡಿನ ಉತ್ತರದ ಗುಡ್ಡಗಳ ನಡುವೆ ಅಡಿಕೆ ತೋಟ ಮಾಡಿಕೊಂಡಿರುವ ಕಥೋಲಿಕ. ಊರು ಕೇರಳದಲ್ಲಿದ್ದರೂ ನಮ್ಮ ಇಗರ್ಜಿ, ಅಂದರೆ ಚರ್ಚ್, ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ವಿಲೇಜ್ ಆಫೀಸಿನಲ್ಲಿ ಮಲಯಾಳ. ಶಾಲೆ ಮಾತ್ರ ಕನ್ನಡದ್ದು, ಹಾಗಾಗಿ ಬೈಬಲ್ ನನ್ನ ತಲೆಯೊಳಗೆ ಕನ್ನಡದಲ್ಲೇ ಕೂತಿದೆ. ನಿಮ್ಮ ಪ್ರಶ್ನೆಗೆ ಪುಸ್ತಕದ ಉತ್ತರ ಎರಡು ನಿಮಿಷದಲ್ಲಿ ಹೇಳಬಹುದು. ಆದರೆ ನನಗೆ ಅದು ಅರ್ಥವಾದದ್ದು ಒಂದು ಸುರಂಗದ ನೀರಿನಿಂದ. ಅದನ್ನೇ ಹೇಳುತ್ತೇನೆ.

ನಮ್ಮ ಕಡೆಯ ಸುರಂಗ ನೀವು ನೋಡಿರಲಿಕ್ಕಿಲ್ಲ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ದಾರಿ ಮಾಡುತ್ತಾರೆ. ಒಳಗೆ ಎಲ್ಲೋ ನೀರಿನ ಒಸರು ಸಿಗುತ್ತದೆ. ಅದು ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಬೇಸಿಗೆಯಲ್ಲಿ ಹೆಬ್ಬೆರಳಿನಷ್ಟು ದಪ್ಪ ನೀರು ಬಂದರೂ ಒಂದು ಮನೆ, ಒಂದು ತೋಟ ಉಳಿಯುತ್ತದೆ. ನಮ್ಮ ಸುರಂಗಕ್ಕೆ ಪಾಲುದಾರರು ಇಬ್ಬರು. ನಮ್ಮ ಮನೆ ಮತ್ತು ನೆರೆಯ ಭಟ್ರ ಮನೆ. ನನ್ನ ಅಪ್ಪ ಮತ್ತು ಅವರ ಅಪ್ಪ ಸೇರಿ ಕೊರೆಸಿದ್ದು. ಕಾಗದ ಪತ್ರ ಏನೂ ಇಲ್ಲ, ಬರೀ ಬಾಯಿಮಾತು: ಒಂದು ದಿನ ಅವರಿಗೆ, ಒಂದು ದಿನ ನಮಗೆ. ಮೊದಲು ನೀರು ಹರಿಸಲಿಕ್ಕೆ ಅಡಿಕೆ ಮರದ ದಂಬೆ ಇತ್ತು, ಆಮೇಲೆ ಪೈಪ್ ಬಂತು. ಬೆಳಿಗ್ಗೆ ಆರು ಗಂಟೆಗೆ ಯಾರ ಸರದಿಯೋ ಅವರು ಹೋಗಿ ಪೈಪ್ ತಿರುಗಿಸಿಕೊಳ್ಳುವುದು.

ಸುಮಾರು ಹತ್ತು ವರ್ಷದ ಹಿಂದೆ, ಮೂರು ಬೇಸಿಗೆ, ನಾನು ಅವರ ಸರದಿಯ ದಿನ ರಾತ್ರಿ ಹನ್ನೊಂದಕ್ಕೆ ಹೋಗಿ ಪೈಪನ್ನು ನಮ್ಮ ಟಾಂಕಿಗೆ ತಿರುಗಿಸುತ್ತಿದ್ದೆ. ನಾಲ್ಕು ಗಂಟೆಯ ಮೊದಲು ವಾಪಸ್ ಇಡುತ್ತಿದ್ದೆ. ಭಟ್ರು ಕೆಳಗಿನ ಜಾಗದಲ್ಲಿ ಹೊಸದಾಗಿ ಅಡಿಕೆ ಗಿಡ ಇಟ್ಟಿದ್ದರು. ಅರುವತ್ತು ಗಿಡ ಒಣಗಿದವು. ಸುರಂಗ ಬತ್ತುತ್ತಾ ಇದೆ ಅಂತ ಅವರು ಅಂದುಕೊಂಡರು. ಆಳು ಕರೆಸಿ ಒಳಗೆ ಮತ್ತೆ ಆರು ಕೋಲು ಉದ್ದ ಕೊರೆಸಿದರು. ಖರ್ಚು ಪೂರ್ತಿ ಅವರೇ ಕೊಟ್ಟರು, ನನ್ನ ಹತ್ತಿರ ಪಾಲು ಕೇಳಲಿಲ್ಲ. ಆಳುಗಳು ಬುಟ್ಟಿಯಲ್ಲಿ ಮಣ್ಣು ಹೊತ್ತು ಹೊರಗೆ ಬರುವುದನ್ನು ನಾನು ನಮ್ಮ ಅಂಗಳದಲ್ಲಿ ನಿಂತು ನೋಡುತ್ತಿದ್ದೆ.

ಆ ಮೂರು ವರ್ಷವೂ ನಾನು ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರಿನ ಮುಂಚಿನ ಉಪವಾಸದ ದಿನಗಳಲ್ಲಿ, ಕುಮ್ಸಾರಿಗೆ ಹೋಗಿದ್ದೇನೆ. ಪಾಪನಿವೇದನೆಗೆ ನಾವು ಕೊಂಕಣಿಯಲ್ಲಿ ಕುಮ್ಸಾರ್ ಅನ್ನುತ್ತೇವೆ. ವರ್ಷಕ್ಕೆ ಒಮ್ಮೆಯಾದರೂ ಮಾಡಬೇಕು ಅಂತ 1215ರ ಲ್ಯಾಟೆರನ್ ಮಹಾಸಭೆ ಇಟ್ಟ ಕಟ್ಟಳೆ ಅದು. ವಿಭೂತಿ ಬುಧವಾರ ಹಣೆಗೆ ಬೂದಿ ಹಾಕಿಸಿಕೊಳ್ಳುತ್ತಿದ್ದೆ. ಶುಕ್ರವಾರ ಮಾಂಸ ಮುಟ್ಟುತ್ತಿರಲಿಲ್ಲ. ಶಿಲುಬೆಯ ಹಾದಿಯ ಪ್ರಾರ್ಥನೆಯಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ಆ ಕಣ್ಣೀರು ಸುಳ್ಳಲ್ಲ, ಇವತ್ತಿಗೂ ನಾನು ಹಾಗೆ ಹೇಳುವುದಿಲ್ಲ. ನನಗೆ ನಿಜವಾಗಿಯೂ ಬೇಜಾರಿತ್ತು. ಕುಮ್ಸಾರಿನಲ್ಲಿ "ನೆರೆಯವರ ಜೊತೆ ಸರಿಯಾಗಿ ನಡೆದುಕೊಂಡಿಲ್ಲ" ಅಂತ ಹೇಳುತ್ತಿದ್ದೆ. ಅದೂ ಸುಳ್ಳಲ್ಲ. ಮನೆಗೆ ಬಂದು, ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದುಕೊಂಡು ಹೋಗುತ್ತಿದ್ದೆ.

ಮೂರನೆಯ ವರ್ಷ ಹೊರಗಿನಿಂದ ಒಬ್ಬರು ವಯಸ್ಸಾದ ಫಾದರ್ ಬಂದಿದ್ದರು. ನಾನು ಅದೇ ವಾಕ್ಯ ಹೇಳಿದೆ. ಅವರು ಬಿಡಲಿಲ್ಲ. "ಅಂದರೆ ಏನು ಮಾಡಿದ್ದೀ ಮಗಾ?" ಅಂದರು. ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: "ಪೈಪ್ ಈಗ ಎಲ್ಲಿದೆ?"

ಕುಮ್ಸಾರಿನಲ್ಲಿ ಕೇಳಿದ್ದನ್ನು ಪಾದ್ರಿ ಸತ್ತರೂ ಹೊರಗೆ ಹೇಳುವಂತಿಲ್ಲ. ಹೇಳಿಕೊಂಡವನಿಗೆ ಆ ನಿರ್ಬಂಧ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆಯ ತಿರುಳು ಆ ಮಾತಿನಲ್ಲಿದೆ ಅಂತ ನನಗೆ ಅನಿಸುತ್ತದೆ. ಹಳೆ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಪಶ್ಚಾತ್ತಾಪಕ್ಕೆ ಇರುವ ಮುಖ್ಯ ಪದ 'ಶೂವ್'. ಅದರ ಅರ್ಥ ಹಿಂದಿರುಗು ಅಂತ. ದಾರಿ ತಪ್ಪಿದ ಮನುಷ್ಯ ವಾಪಸ್ ಬರುತ್ತಾನಲ್ಲ, ಆ ಪದವೇ. ಹೊಸ ಒಡಂಬಡಿಕೆಯ ಗ್ರೀಕ್ ಪದ 'ಮೆಟನೋಯಿಯ', ಅಂದರೆ ಮನಸ್ಸು ಬದಲಾಗುವುದು. ಎರಡರಲ್ಲೂ ಅಳು ಇಲ್ಲ ನೋಡಿ. ಕನ್ನಡದ 'ಪಶ್ಚಾತ್ತಾಪ'ದಲ್ಲಿ ತಾಪ ಇದೆ, ಆಮೇಲೆ ಬರುವ ಬೇಗೆ. ಅದು ಬೇಕು, ಆದರೆ ಅಲ್ಲಿಗೇ ನಿಂತರೆ ಕಷ್ಟ. ಕನ್ನಡ ಬೈಬಲ್ ಅನುವಾದ ಮಾಡಿದವರಿಗೆ ಇದು ಗೊತ್ತಿತ್ತು ಅಂತ ಕಾಣುತ್ತದೆ. ಯೇಸುವಿಗಿಂತ ಮೊದಲು ಬಂದ ಪ್ರವಾದಿ ಸ್ನಾನಿಕ ಯೊವಾನ್ನ ಅಡವಿಯಲ್ಲಿ ಸಾರುವ ಮಾತನ್ನು ಒಂದು ಅನುವಾದ "ದೇವರ ಕಡೆಗೆ ತಿರುಗಿಕೊಳ್ಳಿರಿ" ಅನ್ನುತ್ತದೆ. ಇನ್ನೊಂದು ಪಾಪಕ್ಕೆ ವಿಮುಖರಾಗಿ, ದೇವರಿಗೆ ಅಭಿಮುಖರಾಗಿ ಅನ್ನುತ್ತದೆ. ಒಂದರಲ್ಲಿ ತಿರುಗುವುದು, ಇನ್ನೊಂದರಲ್ಲಿ ಮುಖ. ಈ ಎರಡು ಪದಗಳನ್ನು ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜನ ಬಂದು "ನಾವೇನು ಮಾಡಬೇಕು?" ಅಂತ ಯೊವಾನ್ನನನ್ನು ಕೇಳುತ್ತಾರೆ. ಅವನು ಅಳಿ ಅನ್ನುವುದಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಅನ್ನುತ್ತಾನೆ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅನ್ನುತ್ತಾನೆ. ಸಿಪಾಯಿಗಳಿಗೆ, ಹೆದರಿಸಿ ಹಣ ಕೀಳಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಅನ್ನುತ್ತಾನೆ. ಲೂಕನ ಮೂರನೆಯ ಅಧ್ಯಾಯದಲ್ಲಿದೆ. ಒಬ್ಬೊಬ್ಬರಿಗೂ ಅವರವರ ಪೈಪ್ ಎಲ್ಲಿದೆ ಅಂತ ತೋರಿಸುತ್ತಾನೆ.

ಅಂದು ರಾತ್ರಿಯಿಂದ ನಾನು ಪೈಪ್ ಮುಟ್ಟಲಿಲ್ಲ. ಫಾದರ್ ಪಾಪಕ್ಷಮೆ ಕೊಟ್ಟಿದ್ದರು. ಜೊತೆಗೆ, ಈಸ್ಟರಿನ ಮೊದಲು ಭಟ್ರ ಹತ್ತಿರ ಹೋಗಿ ಹೇಳು ಅಂದಿದ್ದರು. ಪೈಪ್ ಮುಟ್ಟುವುದನ್ನು ನಿಲ್ಲಿಸಿದೆ, ಹೋಗಿ ಹೇಳುವುದನ್ನು ಮಾತ್ರ ಮಾಡಲಿಲ್ಲ. ನೀರು ಸರಿಯಾಯಿತಲ್ಲ, ಇನ್ನೇನು ಅಂತ. ಒಂದು ವಾರ ನೆಮ್ಮದಿಯಾಗಿ ಮಲಗಿದೆ. ಯಾರಿಗೂ ಗೊತ್ತಾಗದ ಹಾಗೆ ಕದ್ದಿದ್ದೆ, ಯಾರಿಗೂ ಗೊತ್ತಾಗದ ಹಾಗೆ ಬಿಟ್ಟೂ ಆಯಿತು.

ಆ ವರ್ಷ ಈಸ್ಟರಿನ ಹಿಂದಿನ ಗರಿಗಳ ಭಾನುವಾರ ಬೈಬಲಿನ ಮತ್ತಾಯನ ಶುಭಸಂದೇಶದಿಂದ ಯೇಸುವಿನ ಯಾತನೆಯ ಭಾಗ ಓದಿದರು. ಅದರಲ್ಲಿ, ಬೆಳ್ಳಿ ನಾಣ್ಯಕ್ಕೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಕಥೆ ಬರುತ್ತದೆ. ಚಿಕ್ಕಂದಿನಿಂದ ಕೇಳಿದ ಕಥೆ, ಆದರೆ ಆ ದಿನ ನನಗೆ ಕೂತಲ್ಲಿ ಕೂರಲಿಕ್ಕೆ ಆಗಲಿಲ್ಲ. ಯೂದ ಏನು ಮಾಡಿದ ನೋಡಿ. ಅವನಿಗೆ ದುಃಖವಾಯಿತು. "ನಾನು ಪಾಪ ಮಾಡಿದೆ" ಅಂತ ಬಾಯಿಬಿಟ್ಟು ಹೇಳಿದ. ಮೂವತ್ತು ಬೆಳ್ಳಿ ನಾಣ್ಯ ವಾಪಸ್ ಕೊಟ್ಟ. ದುಃಖ, ನಿವೇದನೆ, ಪರಿಹಾರ ಮೂರೂ ಇದೆ. ನಮ್ಮ ಧರ್ಮೋಪದೇಶದಲ್ಲಿ ಕುಮ್ಸಾರಿನ ಭಾಗಗಳು ಅಂತ ಕಲಿಸುವುದೂ ಈ ಮೂರನ್ನೇ. ಆದರೂ ಅವನು ಉಳಿಯಲಿಲ್ಲ, ನೇಣು ಹಾಕಿಕೊಂಡ. ಯಾಕೆ? ಅವನು ಹೋದದ್ದು ಮಹಾಯಾಜಕರ ಹತ್ತಿರ. ಅವರು "ನಮಗೇನು, ನೀನೇ ನೋಡಿಕೋ" ಅಂದುಬಿಟ್ಟರು. ಯಾರಿಗೆ ದ್ರೋಹ ಮಾಡಿದ್ದನೋ ಅವರ ಕಡೆಗೆ ಅವನು ಮುಖ ತಿರುಗಿಸಲೇ ಇಲ್ಲ.

ಯೇಸುವನ್ನು ಹಿಡಿದ ರಾತ್ರಿ ಇನ್ನೊಬ್ಬ ಶಿಷ್ಯ ಪೇತ್ರನೂ ಯೇಸುವನ್ನು ಅರಿಯೆ ಅಂತ ಮೂರು ಸಲ ಹೇಳಿದ್ದ, ಇದ್ದಿಲ ಬೆಂಕಿ ಕಾಯಿಸಿಕೊಳ್ಳುತ್ತಾ. ಅವನು ನಾಣ್ಯ ಗೀಣ್ಯ ಏನೂ ವಾಪಸ್ ಕೊಡಲಿಲ್ಲ, ಬರೀ ಅತ್ತ. ಆದರೆ ಯೇಸು ಸತ್ತು ಮತ್ತೆ ಎದ್ದ ಮೇಲೆ, ದಡದಲ್ಲಿ ಅವರು ನಿಂತಿದ್ದಾರೆ ಅಂತ ಗೊತ್ತಾದಾಗ ದೋಣಿಯಿಂದ ನೀರಿಗೆ ಧುಮುಕಿ ಅವರ ಹತ್ತಿರಕ್ಕೇ ಹೋದ. ಅಲ್ಲಿಯೂ ಇದ್ದಿಲ ಬೆಂಕಿ ಇತ್ತು ಅಂತ ಶುಭಸಂದೇಶ ಬರೆದ ಯೊವಾನ್ನ (ಸ್ನಾನಿಕನಲ್ಲ, ಬೇರೆಯವನು) ಬರೆಯುತ್ತಾನೆ. "ನನ್ನನ್ನು ಪ್ರೀತಿಸುತ್ತೀಯಾ?" ಅಂತ ಯೇಸು ಮೂರು ಸಲ ಕೇಳುತ್ತಾರೆ. ಮೂರನೆಯ ಸಲ ಪೇತ್ರನಿಗೆ ನೋವಾಗುತ್ತದೆ. ಆ ನೋವನ್ನು ಎದುರಿಗೆ ನಿಂತು ತಿಂದ. ನನ್ನ ಮಟ್ಟಿಗೆ ಇಡೀ ಬೈಬಲಿನಲ್ಲಿ ಪಶ್ಚಾತ್ತಾಪ ಅಂದರೆ ಇದು.

ಯೇಸು ಇನ್ನೊಂದು ಕಡೆ ನೇರವಾಗಿಯೇ ಹೇಳಿದ್ದಾರೆ: ಬಲಿಪೀಠಕ್ಕೆ ಕಾಣಿಕೆ ತಂದಾಗ ನಿನ್ನ ಸೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನ ಜೊತೆ ಸರಿಮಾಡಿಕೋ.

ನಾನು ಭಟ್ರ ಮನೆಗೆ ಹೋದೆ. ಅವರು ಅಂಗಳದಲ್ಲಿ ಅಡಿಕೆ ರಾಶಿಯ ಹತ್ತಿರ ಕೂತಿದ್ದರು. "ಬನ್ನಿ ಪೊರ್ಬುಗಳೇ" ಅಂದರು. ನಮ್ಮ ಕಡೆ ಕ್ರೈಸ್ತರನ್ನು ಹಾಗೇ ಕರೆಯುವುದು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೂರು ವರ್ಷ ನಾನು ಗುಡ್ಡವನ್ನು ಬೈದೆ" ಅಂದರು. ಬೇರೇನೂ ಹೇಳಲಿಲ್ಲ.

ಹಣದ ವಿಷಯ ಎತ್ತಿದೆ. ಬೈಬಲಿನಲ್ಲಿ ಬರುವ ಸುಂಕದವನು ಜಕ್ಕಾಯ ಯೇಸುವಿನ ಮುಂದೆ, ಯಾರಿಂದ ಮೋಸದಿಂದ ತೆಗೆದುಕೊಂಡಿದ್ದೇನೋ ಅವರಿಗೆ ನಾಲ್ಕು ಪಟ್ಟು ಕೊಡುತ್ತೇನೆ ಅಂದ. ಮೋಶೆಯ ಧರ್ಮಶಾಸ್ತ್ರದಲ್ಲಿ ತಪ್ಪನ್ನು ತಾನೇ ಒಪ್ಪಿಕೊಂಡವನು ಪೂರ್ತಿ ವಾಪಸ್ ಕೊಟ್ಟು ಐದರಲ್ಲಿ ಒಂದು ಪಾಲು ಸೇರಿಸಬೇಕು. ಭಟ್ರು ಒಂದು ತಿಂಗಳ ನಂತರ ಆರು ಕೋಲು ಕೊರೆಸಿದ ಖರ್ಚು ಮಾತ್ರ ತೆಗೆದುಕೊಂಡರು. ಗಿಡದ್ದು ಬೇಡ ಅಂದರು. "ಗಿಡ ತಂದು ಕೊಡಬಹುದು. ಹೋದ ಮೂರು ವರ್ಷ ಎಲ್ಲಿಂದ ತರುತ್ತೀರಿ?" ಅಡಿಕೆ ಗಿಡ ಫಸಲಿಗೆ ಬರಲಿಕ್ಕೆ ಐದಾರು ವರ್ಷ ಬೇಕು, ಅಲ್ವಾ. ನಾನು ಅರುವತ್ತು ಸಸಿ ತಂದು, ಕೇಳಿ, ನಾನೇ ಗುಂಡಿ ತೋಡಿ ನೆಟ್ಟೆ. ಬೇಡ ಅನ್ನಲಿಲ್ಲ. ಆದರೆ ಎರಡು ವರ್ಷ ನಮ್ಮ ಮನೆಯ ಯಾವ ಕಾರ್ಯಕ್ಕೂ ಅವರು ಬರಲಿಲ್ಲ.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮವರು ಇಲ್ಲಿ ತುಂಬಾ ತಪ್ಪುತ್ತಾರೆ. ದೇವರು ಕ್ಷಮಿಸಿದ್ದಾರೆ, ನೀವೂ ಕ್ಷಮಿಸಬೇಕು ಅಂತ ಭಟ್ರ ಹತ್ತಿರ ಕೇಳುವ ಹಕ್ಕು ನನಗೆ ಇರಲಿಲ್ಲ. ಕ್ಷಮಿಸುವುದು ಬಿಡುವುದು ಅವರದ್ದು. ನನ್ನ ತಿರುಗುವಿಕೆ ಅವರ ಉತ್ತರಕ್ಕೆ ಕಾಯುವಂಥದ್ದಲ್ಲ. ಅವರು ಕೊನೆಯವರೆಗೂ ಮಾತಾಡದಿದ್ದರೂ ಪೈಪ್ ಅದರ ಜಾಗದಲ್ಲಿ ಇರಬೇಕಿತ್ತು.

ಮಂಗಳೂರಿನಲ್ಲಿ ನನಗೊಬ್ಬ ಪ್ರೊಟೆಸ್ಟೆಂಟ್ ಸ್ನೇಹಿತನಿದ್ದಾನೆ, ಬಾಸೆಲ್ ಮಿಶನಿನ ಹಳೆಯ ಮನೆತನದವನು. ಪಾದ್ರಿ ಯಾಕೆ ಬೇಕು, ನೇರ ದೇವರಿಗೆ ಹೇಳಬಹುದಲ್ಲ ಅಂತ ಅವನ ವಾದ. ಪ್ರೊಟೆಸ್ಟೆಂಟ್ ಪಂಥಕ್ಕೆ ದಾರಿ ಮಾಡಿದ ಲೂಥರ್ 1517ರಲ್ಲಿ ಬರೆದ 95 ವಾಕ್ಯಗಳಲ್ಲಿ ಮೊದಲನೆಯದೇ ಪಶ್ಚಾತ್ತಾಪದ ಬಗ್ಗೆ. ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕು ಅಂತ ಯೇಸುವಿನ ಇಚ್ಛೆ ಅನ್ನುತ್ತದೆ ಅದು. ಆ ವಾಕ್ಯ ನನಗೆ ಇಷ್ಟ. ಆದರೆ ನನ್ನ ಅನುಭವ ಬೇರೆ. ದೇವರಿಗೆ ನೇರ ಹೇಳುವಾಗ ನಾನು "ನೆರೆಯವರ ಜೊತೆ" ಅಂತ ಹಾರಿಸಿ ಹೇಳುತ್ತಿದ್ದೆ. ಎದುರಿಗೆ ಒಬ್ಬ ಮನುಷ್ಯ ಕೂತು "ಅಂದರೆ ಏನು?" ಅಂತ ಕೇಳಿದ್ದಕ್ಕೇ ಪೈಪ್ ಹೊರಗೆ ಬಂತು. ಪಾಪಕ್ಷಮೆ ಸಿಕ್ಕಿದರೂ ಪಾಪ ಮಾಡಿಟ್ಟ ಹಾನಿ ತಾನಾಗಿ ಸರಿಯಾಗುವುದಿಲ್ಲ, ಕದ್ದದ್ದನ್ನು ವಾಪಸ್ ಕೊಡಬೇಕು ಅಂತ 1992ರ ನಮ್ಮ ಧರ್ಮೋಪದೇಶ ಗ್ರಂಥವೂ ಹೇಳುತ್ತದೆ. ಇದರಲ್ಲಿ ಅವನಿಗೂ ನನಗೂ ಜಗಳವಿಲ್ಲ.

ಪದೇಪದೇ ಬೀಳುವವನ ಪಶ್ಚಾತ್ತಾಪ ಸುಳ್ಳಾ ಅಂತಲೂ ನಿಮಗೆ ಸಂಶಯ ಬರಬಹುದು. ಹಾಗೆ ಹೇಳಲಿಕ್ಕೆ ಆಗುವುದಿಲ್ಲ. ಒಬ್ಬ ದಿನಕ್ಕೆ ಏಳು ಸಲ ತಪ್ಪು ಮಾಡಿ ಏಳು ಸಲ ತಿರುಗಿ ಬಂದರೂ ಕ್ಷಮಿಸು ಅಂತ ಯೇಸು ಹೇಳಿದ್ದಾರೆ. ಕುಡಿತದಂಥದ್ದರಲ್ಲಿ ಸಿಕ್ಕಿಬಿದ್ದವರು ಬಿದ್ದು ಎದ್ದು ಬರುವುದನ್ನು ನಾನು ನೋಡಿದ್ದೇನೆ, ಅವರ ದುಃಖ ನನ್ನದಕ್ಕಿಂತ ನಿಜ. ನನ್ನದು ಬೀಳುವುದಾಗಿರಲಿಲ್ಲ. ನಾನು ಗಂಟೆ ನೋಡಿಕೊಂಡು, ಟಾರ್ಚ್ ಹಿಡಿದುಕೊಂಡು ಹೋಗುತ್ತಿದ್ದೆ. ಮಾಡಿಕೊಂಡೇ ಇರುತ್ತೇನೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಅಳುವುದು ಬೇರೆ, ಬಿಡಬೇಕು ಅಂತ ಹೊರಟು ಸೋಲುವುದು ಬೇರೆ. ಇವೆರಡರಲ್ಲಿ ತಮ್ಮದು ಯಾವುದು ಅಂತ ಮನುಷ್ಯನಿಗೆ ಒಳಗೊಳಗೆ ಗೊತ್ತಿರುತ್ತದೆ.

ಕಳೆದ ಮಾರ್ಚಿನಲ್ಲಿ ನೀರು ತೀರಾ ಕಡಿಮೆಯಾಯಿತು. ಭಟ್ರ ಸರದಿಯ ದಿನ ರಾತ್ರಿ ನಿದ್ದೆ ಬಾರದೆ ನಾನು ಸುರಂಗದ ಬಾಯಿಯವರೆಗೆ ಹೋದೆ. ಅಲ್ಲಿ ನಿಂತು ನೀರು ಅವರ ಕಡೆಗೆ ಹೋಗುವುದನ್ನು ನೋಡಿದೆ. ವಾಪಸ್ ಬಂದೆ. ಬೆಳಿಗ್ಗೆ ಅವರ ಮನೆಗೆ ಹೋಗಿ, ಒಂದೆರಡು ಗಂಟೆ ನೀರು ಜಾಸ್ತಿ ಸಿಗಬಹುದಾ ಅಂತ ಕೇಳಿದೆ. ನಿನ್ನೆ ರಾತ್ರಿ ಅಲ್ಲಿಗೆ ಹೋಗಿದ್ದೆ ಅಂತಲೂ ಹೇಳಿದೆ. ಭಟ್ರು ನನ್ನ ಮುಖ ನೋಡಿದರು.

"ಇವತ್ತು ಆಗುವುದಿಲ್ಲ ಪೊರ್ಬುಗಳೇ" ಅಂದರು. "ನಾಡಿದ್ದು ನೋಡುವ."